ಸಹಿ ಇಲ್ಲದ ಅಕ್ಕಿ

ಪಾರ್ವತಿನಗರ, ಬಳ್ಳಾರಿ
೧೪ ನವೆಂಬರ್ ೨೦೨೪

ನಂದಿನಿ ಮಗಳ,

ಅದಕ್ಕ ನಾ ಅಂದದ್ದು, ನಮ್ಮ ಆಫೀಸಿನ ಪಾಲಯ್ಯನ ಮ್ಯಾಲೆ ನನಗ ಸಿಟ್ಟಿಲ್ಲ ಅಂತ. ನಿನ್ನೆ ಫೋನಿನ್ಯಾಗ ನೀ ಅಳಾಕ ಹತ್ತಿದಿ, ಮಾತು ಅಲ್ಲಿಗೇ ನಿಂತಿತು, ಅದಕ್ಕ ಇವತ್ತು ಬರಿಯಾಕ ಕುಂತೀನಿ. ಆರಾಮ ಅದೀಯಲ್ಲ? ರಾಯಚೂರಿನ ಆಸ್ಪತ್ರಿಯೊಳಗ ಡ್ಯೂಟಿ ಮುಗಿಸಿ ಉಪವಾಸ ಮಲಗಬ್ಯಾಡ. ನನ್ನ ಮೊಣಕಾಲು ಹಂಗ ಐತಿ.

ನಾ ಸಿರುಗುಪ್ಪದಾಗ ಗುಮಾಸ್ತ ಇದ್ದಾಗ ಹೊಳಿ ಉಕ್ಕಿ ಊರೊಳಗ ಬಂದಿದ್ದು ನಿನಗ ನೆನಪಿರಬೇಕು, ಆಗ ನೀ ಹೈಸ್ಕೂಲ್. ತೆಕ್ಕಲಕೋಟೆ ಹಾಸ್ಟೆಲಿನ ಅಕ್ಕಿ ತೆಗೆದು ಮಂದಿಗೆ ಗಂಜಿ ಹಾಕಿಸು, ಆರ್ಡರ್ ಆಮ್ಯಾಲೆ ಕೊಡತೀನಿ ಅಂತ ಆಗಿನ ನಮ್ಮ ಆಫೀಸರ್ ಪ್ರಭುಲಿಂಗ ಸಾಹೇಬರು ಫೋನ್ ಮಾಡಿ ಹೇಳಿದರು. ಹೊಳಿ ಬಂದಾಗ ನಮ್ಮಲ್ಲಿ ಎಲ್ಲಾ ಹಿಂಗ, ಮೊದಲು ಕೆಲಸ, ಆಮ್ಯಾಲೆ ಕಾಗದ. ಆ ಕಾಗದ ಬರಲಿಲ್ಲ, ನಾನೂ ಕೇಳಲಿಲ್ಲ. ಸಾಹೇಬರು ತೀರಿಕೊಂಡರು. ಗಂಜಿ ಕಾಸಿದ ನಿಮ್ಮವ್ವನೂ ಹೋದಳು. ಇಷ್ಟು ವರ್ಷ ಆ ಅಕ್ಕಿ ಯಾರಿಗೂ ನೆನಪಾಗಲಿಲ್ಲ, ಬಡ್ತಿ ಸಮಿತಿ ಕೂಡೋ ವಾರ ನೆನಪಾತು ನೋಡು. 'ಅನಧಿಕೃತವಾಗಿ ಸಾಗಿಸಿರುತ್ತೀರಿ' ಅಂತ ಚಾರ್ಜ್‌ಶೀಟ್. ವಿಚಾರಣೆ ಮುಗಿಯೂತನಕ ತೆಗಿಯಂಗಿಲ್ಲ ಅಂತ ನನ್ನ ಬಡ್ತಿಯನ್ನು ಲಕೋಟೆಯೊಳಗ ಹಾಕಿ ಅರಗು ಮೆತ್ತಿಬಿಟ್ಟರು. ಜವಾನ ಎರ್ರಿ ಪಾಪ, ನನಗಂತ ಸೂಪರಿಂಟೆಂಡೆಂಟ್ ಕುರ್ಚಿಗೆ ಹೊಸ ಬಿಳಿ ಟವೆಲ್ ಹಾಕಿದ್ದ. ಕುರುಗೋಡಿನಿಂದ ಬಂದ ಪಾಲಯ್ಯ ಅದರ ಮ್ಯಾಲೆ ಕುಂತ. ನನ್ನ ಕೈಯಾಗ ನೋಟ್ ಬರಿಯಾಕ ಕಲಿತವ, ನನಗಿಂತ ಎಷ್ಟೋ ಜೂನಿಯರ್.

ಸಾಕ್ಷಿ ಕರೀರಿ ಅಂತಾರ. ಯಾರನ್ನ ಕರೀಲಿ? ಆರೋಪ ಹೊತ್ತವನ ಮಾತೂ ಕೇಳಬೇಕು ಅಂತ ಬಿ.ಎ.ದಾಗ ಓದಿದ್ದೆ, ಆಪರ್ಚುನಿಟಿ ಆಫ್ ಬೀಯಿಂಗ್... ಹರ್ಡೋ ಹರ್ಟೋ, ಪಾಸಾಗಾಕ ಅಷ್ಟ ಸಾಕಿತ್ತು. ಪಾಲಯ್ಯ ಚಹಾ ತರಿಸಿ, ಬಾಗಲಾ ಹಾಕಿ ಅಂದ: "ತಪ್ಪಾಗೈತಿ ಅಂತ ಒಂದು ಸಾಲು ಬರಕೊಡ್ರಿ ಅಣ್ಣಾ. ವಾಗ್ದಂಡನೆ ಹಾಕಿ ಮುಗಸ್ತಾರ, ರಿಟೈರ್ ಆಗೂದರೊಳಗ ಬಡ್ತಿ ಸಿಗತೈತಿ." ಒಳ್ಳೇ ಮನಸ್ಸಿನಿಂದನ ಅಂದ. ಅದ ನನಗ ಗಂಟಲದಾಗ ಇಳೀವಲ್ದು. ಹಸಿದವರಿಗೆ ಉಣಿಸಿದ್ದು ತಪ್ಪು ಅಂತ ನನ್ನ ಕೈಯಿಂದನ ಬರಸಬೇಕು ಇವರಿಗೆ.

ಕರೆಂಟ್ ಹೋಗೈತಿ, ಕಿಟಕ್ಯಾಗಿನ ಬೆಳಕೂ ಹೊಂಟಿತು, ಸಾಲು ಒಂದರ ಮ್ಯಾಲೊಂದು ಏರಾಕ ಹತ್ಯಾವು. ತಣ್ಣಗಿರು ತಾಯಿ.

ನಿನ್ನ ಅಪ್ಪ,
ಜೋಗಪ್ಪ

ತಾ.ಕ.: ಆ ಸಾಲು ಬರಕೊಡಂಗಿಲ್ಲ ಅಂತ ಇವತ್ತು ಪಾಲಯ್ಯಗ ಹೇಳಿ ಬಂದೆ. ಕಲಬುರಗಿ ಟ್ರಿಬ್ಯೂನಲ್‌ಗೆ ಹೋಗತೀನಿ, ತೀರ್ಪು ಬರೂದರೊಳಗ ರಿಟೈರ್ ಆಗಿರತೀನಿ. ನಿನ್ನ ಲಗ್ನಪತ್ರಿಕೆಯೊಳಗ ನನ್ನ ಹೆಸರಿನ ಕೆಳಗ ಸೂಪರಿಂಟೆಂಡೆಂಟ್ ಅಂತ ಹಾಕಸ್ತೀನಿ ಅಂದಿದ್ದೆನಲ್ಲ, ಅದು ಬ್ಯಾಡ. ಈ ಕಾಗದ ಮುಟ್ಟಿದ ಕೂಡ್ಲೆ ಪ್ರೆಸ್ಸಿನವರಿಗೆ ಹೇಳಿ ತಗಸು. ಬೀಗರು ಕೇಳಿದರ ನೀ ತಲಿ ತಗ್ಗಿಸಬ್ಯಾಡ, ನಾ ಬಂದು ಹೇಳತೀನಿ.