ಬೈಂಡಿಂಗಿನವನ ಕೃಪೆ

ಬೊಬ್ರುವಾಡ, ಅಂಕೋಲೆ
ಬುಧವಾರ ಬೆಳಿಗ್ಗೆ, ೧೯೩೬

ಚಿರಂಜೀವಿ ದೇವಿದಾಸನಿಗೆ ಭಾವನ ಆಶೀರ್ವಾದಗಳು.

ಕಂತುಕಂತಾಗಿ ಬಂದ ನಮ್ಮ ವೇದಾಂತ, ವೈದ್ಯ, ಕಾಯಿದೆ, ಪತ್ತೇದಾರಿ ನಾಲ್ಕು ಪುಸ್ತಕಗಳನ್ನೂ ನೀನು ನಿಮ್ಮ ಕಾರವಾರದ ಹಬ್ಬುವಾಡದ ಒಬ್ಬನೇ ಬೈಂಡಿಂಗಿನವನಿಗೆ ಕೊಟ್ಟೆಯಷ್ಟೆ. ಆ ಮಹಾನುಭಾವ ಹಾಳೆಗಳನ್ನು ಅಳತೆ ನೋಡಿ ಹೊಲಿದಿದ್ದಾನೆ. ಓದುವ ಪಾಪಕ್ಕೆ ಹೋಗಿಲ್ಲ. ವೇದಾಂತದೊಳಗೆ ಕಾಯಿದೆ ಹೊಕ್ಕಿದೆ. ಅದರಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ.

ಆದರೆ ನಿನ್ನ ಅಕ್ಕ ಗೋದಾವರಿಗೆ ಭಾನುವಾರದಿಂದ ಜ್ವರ. ಇಲ್ಲಿಯ ಡಾಕ್ಟರರು ಪುಡಿಯೊಂದನ್ನು ಕೊಟ್ಟು, ಯಾವಾಗ ಕೊಡಬೇಕೆಂದು ಹೇಳದೆ ಪರಊರಿಗೆ ಹೋಗಿದ್ದಾರೆ. ಆ ಪುಡಿಯ ಹೆಸರು ಹುಡುಕಿ ವೈದ್ಯಗ್ರಂಥ ತೆರೆದರೆ, "ಜ್ವರ ನೆತ್ತಿಗೇರಿದಾಗ ಈ ಪುಡಿಯನ್ನು ರೋಗಿಗೆ" ಎಂಬಲ್ಲಿಗೆ ಪುಟ ಮುಗಿಯುತ್ತದೆ. ಮುಂದಿನ ಪುಟದಲ್ಲಿ ಪತ್ತೇದಾರ ಕೊಲೆಗಾರನಿಗೆ ಬೇಡಿ ತೊಡಿಸುತ್ತಿದ್ದಾನೆ. ಕೊಡಬೇಕೋ ಕೊಡಬಾರದೋ ತಿಳಿಯದೆ ಪುಡಿ ಹಿಡಿದು ಕೂತಿದ್ದೇನೆ.

ಆ ಮಾತಿನ ಉಳಿದರ್ಧ ನಿನ್ನಲ್ಲಿರುವ ಪತ್ತೇದಾರಿ ಕಾದಂಬರಿಯ ಕೊನೆಗೆ ಸೇರಿರಬೇಕು. ಹಾಳೆಯನ್ನು ಹರಿದು, ಈ ಪತ್ರ ತರುವ ಮೋಟಾರು ಡ್ರೈವರ್ ಹುಲಿಯಾ ಮಧ್ಯಾಹ್ನ ಮರಳುವಾಗ ಅವನ ಕೈಗೆ ಕೊಡು. ಮೋಟಾರು ನಿಲ್ಲುವಲ್ಲಿ ನಾನೇ ಕಾಯುತ್ತಿರುತ್ತೇನೆ. ಕಾರವಾರದ ಡಾಕ್ಟರರು ಯಾರಾದರೂ ಸಿಕ್ಕರೆ ಅವರನ್ನೂ ಹತ್ತಿಸು. ಸಿಗದಿದ್ದರೆ ಅವರಿಗಾಗಿ ಹಾಳೆಯನ್ನು ತಡೆಯಬೇಡ.

ಚೌತಿಗೆ ತವರಿಗೆ ಬಂದಾಗ ಆ ಕಾದಂಬರಿಯನ್ನು ಅರ್ಧ ಓದಿದ ನಿನ್ನ ಅಕ್ಕ, "ಖೂನಿ ಮಾಡ್ದವ ಯಾರು, ಅಷ್ಟು ಹೇಳ್ಬಿಡಿ ಮಾರಾಯ್ರೆ" ಎಂದು ನಿನ್ನೆ ರಾತ್ರಿಯವರೆಗೂ ಜ್ವರದಲ್ಲಿ ಕಣ್ಣು ಮುಚ್ಚಿಕೊಂಡೇ ಪೀಡಿಸುತ್ತಿದ್ದಳು. "ಎದ್ದು ಕೂತು ಗಂಜಿ ಕುಡಿ, ಹೇಳ್ತೆ" ಎಂದು ನಾನೂ ಹಟ ಹಿಡಿದಿದ್ದೆ.

ಇಂದು ಬೆಳಗಿನಿಂದ ಅವಳು ಕೇಳಿಲ್ಲ.

ನಿನ್ನ ಭಾವ,
ಶಾಂತಾರಾಮ