ಬೆನ್ನಿನ ಚಿತ್ರಗಳು

ಡೈರೆಕ್ಟರ್ ಸಾಹೇಬರಿಗೆ,

ನಿಮ್ಮ ಸ್ಕ್ರ್ಯಾಪ್‌ಬುಕ್ ನನ್ನ ಹತ್ತಿರ ಇದೆ, ಮನೆಯೆಲ್ಲ ಜಾಲಾಡಬೇಡಿ. ಕೇಳದೆ ತಂದದ್ದು ತಪ್ಪೇ. ಹೊಸ ಕೆಲಸದ ಗುರುತಿನ ಚೀಟಿಗೆ ಫೋಟೋ ಬೇಕಿತ್ತು. ಹದಿನೇಳು ವರ್ಷ ಸಂಸಾರ ಮಾಡಿದವಳ ಮುಖ ಅದರಲ್ಲಿ ಒಂದಾದರೂ ಇರುತ್ತೆ ಅಂದುಕೊಂಡೆ.

ನೀವು ತೆಗೆದ ಫೋಟೋಗಳು, ಪುಟಪುಟದಲ್ಲೂ ನಾನೇ ಇದ್ದೀನಿ. ಒಲೆ ಮುಂದೆ, ಬಟ್ಟೆ ಹರವುತ್ತಾ, ಬಾಗಿಲಲ್ಲಿ. ಎಲ್ಲ ಬರೀ ಬೆನ್ನು. 'ನಾಯಕಿಯ ಮುಖ ತೋರಿಸದಿರುವುದೇ ಇವರ ಶೈಲಿ' ಅಂತ ಪೇಪರಿನವರು ನಿಮ್ಮ ಸಿನಿಮಾನ ಹೊಗಳಿದ್ದನ್ನೂ ಪಕ್ಕದಲ್ಲೇ ಅಂಟಿಸಿದ್ದೀರಿ.

ಕಿಟಕಿ ಹತ್ತಿರ ನಾನು ನಿಂತಿರೋ ಪುಟ ಮಾತ್ರ ಕಿತ್ತಿಟ್ಟುಕೊಂಡಿದ್ದೀನಿ. ಅದು ನಮ್ಮಮ್ಮ ಹೋದರು ಅಂತ ಫೋನ್ ಬಂದ ದಿನದ್ದು. ತಿರುಗಿ ಹೇಳೋಕೆ ಹೋದರೆ 'ಅಲ್ಲಾಡಬೇಡ, ಬೆಳಕು ಚೆನ್ನಾಗಿದೆ' ಅಂದಿರಿ. ನೀವು ಮುಗಿಸೋವರೆಗೂ ಸುದ್ದಿಯನ್ನು ಬಾಯಲ್ಲೇ ಇಟ್ಟುಕೊಂಡು ನಿಂತಿದ್ದೆ.

ಮಿಕ್ಕ ಪುಸ್ತಕ ನಾಳೆ ತಂಗಿ ತಂದು ಕೊಡ್ತಾಳೆ. ನನ್ನ ಕನ್ನಡಕ ಅಲ್ಲೇ ಉಳಿದಿದೆ, ಅವಳ ಕೈಗೆ ಕೊಡಿ.

ಫೋಟೋ ಕೊನೆಗೆ ಸ್ಟುಡಿಯೋದಲ್ಲಿ ತೆಗೆಸಿದೆ. ಕ್ಯಾಮೆರಾ ಕಂಡಿದ್ದೇ ತಡ, ಅಭ್ಯಾಸಬಲ ನೋಡಿ, ಗೋಡೆ ಕಡೆ ತಿರುಗಿ ಕೂತೆ. 'ಮೇಡಂ, ಮುಖ ಈ ಕಡೆ' ಅಂತ ಸ್ಟುಡಿಯೋದವನು ಎರಡೆರಡು ಸಲ ಹೇಳಬೇಕಾಯ್ತು, ಪಾಪ.

ಇಂತಿ,
ಕಿಟಕಿ ಹತ್ತಿರ ನಿಂತಿದ್ದವಳು