ಮೂವತ್ತೈದರ ಮುದುಕ

ಅರಸೀಕೆರೆ
12-8-2003

ಜವರಣ್ಣನವರಿಗೆ ನಮಸ್ಕಾರ.

ಮೊಮ್ಮಗಳು ಭವ್ಯಾಳ ಕೈಲಿ ಈ ಪತ್ರ ಓದಿಸಿಕೊಳ್ಳಿ. ವಯಸ್ಸಾಯಿತೆಂದು ನಿಮ್ಮನ್ನು ಹಮಾಲಿ ಕೆಲಸದಿಂದ ಬಿಡಿಸುವುದು ಅನ್ಯಾಯವೆಂದು ಕರಪತ್ರ ಬರೆದವನು ನಾನು. ನಾಳೆ ಕೊಬ್ಬರಿ ಮಂಡಿಯಲ್ಲಿ ಸಾಹುಕಾರನ ಮುಂದೆ ನಿಮ್ಮ ಪರವಾಗಿ ಮಾತಾಡುವವನೂ ನಾನೇ. ಆದರೆ ಒಂದು ವಿಷಯ ನಿಮಗೆ ಹೇಳದೆ ಕೂತಲ್ಲಿ ಕೂರಲಾಗುತ್ತಿಲ್ಲ.

ಸತೀಶನ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಆಟವಿದೆ. ಅದರಲ್ಲಿ ನಾನು ಜರ್ಮನಿಯ ಸಣ್ಣ ಫುಟ್‌ಬಾಲ್ ಕ್ಲಬ್ಬೊಂದರ ಮ್ಯಾನೇಜರ್. ಯಾರು ಆಡಬೇಕು, ಯಾರು ಹೋಗಬೇಕು ಎಂಬುದೆಲ್ಲ ನನ್ನ ತೀರ್ಮಾನ. ಸಾಲಾಗಿ ಮೂರು ಪಂದ್ಯ ಸೋತೆವು. ನಿನ್ನೆ ಕ್ಲೌಸ್ ಎಂಬ ಮೂವತ್ತೈದು ವರ್ಷದ ಆಟಗಾರನನ್ನು ವಯಸ್ಸಾಯಿತೆಂದು ತೆಗೆದುಹಾಕಿದೆ. ಹನ್ನೆರಡು ವರ್ಷ ಅದೇ ಕ್ಲಬ್ಬಿಗೆ ಆಡಿದವನು. ಮೌಸ್ ಒಮ್ಮೆ ಒತ್ತಿದೆ, ಅಷ್ಟೇ. ಮುಂದಿನ ಪಂದ್ಯ ಗೆದ್ದಾಗ ಎದ್ದು ಕುಣಿದೆ.

ಪಕ್ಕದಲ್ಲಿದ್ದ ಸತೀಶ, "ಏನ್ಲಾ ಕಾಮ್ರೇಡ್, ಮುದುಕನ್ನ ಓಡಿಸ್ಬಿಟ್ಯಲ್ಲ! ಇವನ ಪರವಾಗಿ ಕರಪತ್ರ ಯಾವಾಗ ಹಂಚ್ತೀಯ?" ಎಂದು ನಕ್ಕ.

ಅದು ಬರೀ ಆಟ, ನಿಜ. ಆದರೂ ಕ್ಲೌಸ್ ನನ್ನ ಮುಂದೆ ಬಂದು ನಿಂತಿದ್ದರೆ ನನ್ನ ಬೆರಳು ಏಳುತ್ತಿರಲಿಲ್ಲ. ಪರದೆಯ ಮೇಲೆ ಅವನಿಗಿದ್ದದ್ದು ಹೆಸರು ಮತ್ತು ವಯಸ್ಸು ಮಾತ್ರ. ಸಾಹುಕಾರನ ಪಟ್ಟಿಯಲ್ಲಿ ನಿಮಗೂ ಅಷ್ಟೇ ಇದೆ.

ಆದ್ದರಿಂದ ನಾಳೆ, "ನೀನೇ ಮಾತಾಡಪ್ಪ, ನಾನು ಹೊರಗಿರ್ತೀನಿ" ಎನ್ನಬೇಡಿ. ಹತ್ತು ಗಂಟೆಗೆ ನನ್ನ ಜೊತೆ ಒಳಗೆ ಬನ್ನಿ. ಮಾತು ನಾನಾಡುತ್ತೇನೆ. ನೀವು ಸಾಹುಕಾರನ ಮುಖ ನೋಡುತ್ತಾ ನಿಂತಿದ್ದರೆ ಸಾಕು.

ಅವನೆದುರು ಹೆಗಲ ಮೇಲಿನ ಟವೆಲ್ ಮಾತ್ರ ಇಳಿಸಬೇಡಿ.

ಇಂತಿ,
ಉಮೇಶ